ದಮ್ಮು

ಸೋಮವಾರವೇ ಆಗಬೇಕು ಎಂದಿದ್ದರು ಮೇಡಂ.
ಒಂದು ದಿನ ಸೂಟಿ ಮುಗಿಸಿ ಮಿಲ್ಲಿಗೆ ಬಂದವರ ಎದೆ
ಅವತ್ತೇ ಹೆಚ್ಚು ಬಿಗಿಯುತ್ತದಂತೆ, ಪುಸ್ತಕದಲ್ಲಿದೆ.
ನಮ್ಮ ಮನೆಯಲ್ಲಿ ಅದಕ್ಕೆ ಪುಸ್ತಕ ಬೇಕಿರಲಿಲ್ಲ.
"ಸೋಮಾರ ಬಂತಂದ್ರ ಎದಿ ಮ್ಯಾಲ ಅಂಡಿಗಿ ಇಟ್ಟಂಗ"
ಅನ್ನುತ್ತಿದ್ದಳು ಅವ್ವ, ಇರುವ ತನಕ.

ರಾಯಚೂರಿನ ಗಂಜಿನ ಹಿಂದೆ, ಹತ್ತಿ ಮಿಲ್ಲಿನ ತೂಕದ ಕೋಣೆಯಲ್ಲಿ
ಮೇಜು ಹಾಕಿದೆವು. ಉಸಿರಳೆಯುವ ಯಂತ್ರ, ಕಾಗದದ ಕೊಳವೆ,
ಮೂಗಿಗೆ ಸಿಕ್ಕಿಸುವ ಚಿಮಟಿಗೆ.
ಗೋಡೆಗೆ ವಿಶ್ವವಿದ್ಯಾಲಯದ ಬ್ಯಾನರು:
ಒಂದು ಭೂಗೋಳ, ಅದನ್ನು ಹಿಡಿದ ಎರಡು ಕೈ,
ಯಾರ ಕೈಯೋ, ಹತ್ತಿ ಬಿಡಿಸದ ಕೈ.
ಮಧ್ಯಾಹ್ನದೊಳಗೆ ಭೂಗೋಳದ ಮೇಲೂ ಅರಳೆ ಕೂತಿತ್ತು.

ಕೇಳುವುದು, ಬರೆಯುವುದು ನನ್ನ ಕೆಲಸ.
ಪ್ರಶ್ನೆ ಹನ್ನೊಂದು: ನಿಮಗೆ ದಮ್ಮು ಇದೆಯೇ?
ಉರುಕುಂದಮ್ಮ ನಕ್ಕಳು.
"ದಮ್ಮಿಲ್ದ ಈ ಮಿಲ್ಲಿನಾಗ ಯಾರು ನಿಂದ್ರತಾರ ಯವ್ವಾ?"
ಹೌದು ಎಂಬ ಚೌಕಕ್ಕೆ ಗುರುತು ಹಾಕಬೇಕಿತ್ತೋ
ಇಲ್ಲ ಎಂಬುದಕ್ಕೋ,
ನನಗೆ ಇನ್ನೂ ಗೊತ್ತಿಲ್ಲ.

ವಯಸ್ಸು? "ಹೊಳಿ ಊರಾಗ ಬಂದ ವರ್ಷ ತೊಟ್ಟಿಲದಾಗಿದ್ನಿ."
ಎತ್ತರ? ಚಪ್ಪಲಿ ಬಿಟ್ಟು, ಸೆರಗು ಹೊದ್ದು
ಗೋಡೆಗೆ ನಿಂತಳು ಮಹಬೂಬಬೀ, ದರ್ಗಾದ ಮುಂದೆ ನಿಂತಂತೆ.
ಒಂದೇ ದಮ್ಮಿಗೆ. ಊದ್ರಿ, ಊದ್ರಿ, ಇನ್ನೂ, ಇನ್ನೂ...
ಕೂಗಿ ಕೂಗಿ ನನ್ನ ಗಂಟಲೇ ಒಣಗಿತು.
ಊದುಗೊಳವಿ ಊದಿಯೇ ಹರೆಯ ಕಳೆದವರು
ಒಲೆ ಹತ್ತುವುದನ್ನು ಕಾದಂತೆ
ಕೊಳವೆಯ ಆಚೆ ನೋಡುತ್ತಿದ್ದರು.
ತೆರೆಯ ಮೇಲೆ ಗೆರೆಯೊಂದು ಏರಿ, ಬಾಗಿ,
ಕೆಮ್ಮಿನಲ್ಲಿ ಮುರಿಯುತ್ತಿತ್ತು.

ಇಪ್ಪತ್ತಮೂರನೆಯವಳು ಸವಾರಮ್ಮ, ನನ್ನ ಚಿಗವ್ವ.
ಗುರುತಿಲ್ಲದವಳಂತೆ ಕೂತಳು.
ಮೇಡಂ ಫೋನು ಹಿಡಿದು ಹೊರಗೆ ಹೋದಾಗ
ಕಿವಿಗೆ ಬಾಗಿ, ಅರ್ಧ ಉಸಿರಲ್ಲಿ:
"ನಂಬರ ಕಮ್ಮಿ ಬಂದ್ರ ಮಾಲಕಗ ಗೊತ್ತಾಗ್ತೈತಿ.
ನಾಳಿಗಿ ಬರಬ್ಯಾಡ ಅಂತಾನ.
ನೀ ಊದು. ನಿನ್ನ ದಮ್ಮು ಛಲೋ ಐತಿ."

ಹೆಸರು ಯಾರಿಗೂ ಹೋಗದು, ಗುಟ್ಟಾಗಿರುವುದು ಎಂದು
ಒಪ್ಪಿಗೆ ಪತ್ರದ ನಾಲ್ಕನೇ ಸಾಲು ಓದಿದೆ.
"ಗುಟ್ಟು ನಿನಗ ಗೊತ್ತಾತಲ್ಲ" ಅಂದಳು.

ಹೊಸ ಕೊಳವೆ ಸಿಕ್ಕಿಸಿದೆ. ಮೂಗು ಹಿಡಿದೆ.
ಇದೇ ಮಿಲ್ಲಿನ ಕೂಲಿಯಲ್ಲಿ ಅವಳು ಕಟ್ಟಿದ ನನ್ನ ಹಾಸ್ಟೆಲ್ ಫೀ,
ಮೈದಾನದ ಮುಂಜಾನೆ ಓಟ, ಹಾಲು, ಮೊಟ್ಟೆ,
ಎಲ್ಲವನ್ನೂ ಒಂದೇ ದಮ್ಮಿಗೆ ಊದಿದೆ.

*

ಏಪ್ರಿಲ್ ಏಳು, ವಿಶ್ವ ಆರೋಗ್ಯ ದಿನ.
ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಏಸಿ, ಶೇಂಗಾ ಚಿಕ್ಕಿ.
ತಾಂಜಾನಿಯಾದಿಂದ ಒಬ್ಬರು, ಬಾಂಗ್ಲಾದಿಂದ ಒಬ್ಬರು
ತೆರೆಯಲ್ಲಿ ಮುಖ ತೋರಿಸಿ ಕೈಮುಗಿದರು.
ಅಲ್ಲಿಯ ಗಿರಣಿಯ ಹೆಂಗಸರೂ ಸೋಮವಾರ ಕೆಮ್ಮುತ್ತಾರಂತೆ.
ಸೋಮವಾರಕ್ಕೆ ಆ ಮಾತಿನಲ್ಲಿ ಏನನ್ನುತ್ತಾರೋ.

ಮೇಡಂ ನಕ್ಷೆ ತೋರಿಸಿದರು: ಅರವತ್ತು ಚುಕ್ಕೆ,
ಎಲ್ಲ ಕೆಳಗೆ, ನೆಲಕ್ಕೆ ಜೋಳ ಚೆಲ್ಲಿದಂತೆ.
ಒಂದು ಮಾತ್ರ ಮೇಲೆ, ಒಂಟಿ,
ಕೋಟೆಯ ತುದಿಯ ಗುಂಡಿನ ಹಾಗೆ.
ಅದು ಯಾರು, ಎಂದು ಬಾಂಗ್ಲಾದಾಕೆ ಕೇಳಿದರು.
"ಯಂತ್ರದ ತಪ್ಪಿರಬೇಕು, ತೆಗೆದುಬಿಡುತ್ತೇವೆ."

ಬೆರಳು ಒತ್ತಿದರು. ಚುಕ್ಕೆ ಹೋಯಿತು.
ಐವತ್ತೊಂಬತ್ತರ ಸರಾಸರಿ ಹೊಸದಾಗಿ ಬಂತು.
ಚಪ್ಪಾಳೆ ಮುಗಿಯುವ ತನಕ ಕೂತೇ ಇದ್ದೆ,
ಎದೆ ತುಂಬ ಗಾಳಿ,
ಬಿಡಲು ಜಾಗವಿಲ್ಲ.

ಸಂಜೆ ತೀನ್ ಕಂದೀಲಿನ ಹತ್ತಿರ ಚಿಗವ್ವ ಸಿಕ್ಕಳು,
ಬದನೆಕಾಯಿ ಚೀಲ, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ.
"ನನ್ನ ನಂಬರ ಎಷ್ಟು ಬಂತs?"
"ಎಲ್ಲಾರಿಗಿಂತ ಮ್ಯಾಲ."
ಖುಷಿಯಾಯಿತು ಅವಳಿಗೆ. ನಗಲು ಹೋಗಿ ಕೆಮ್ಮಿದಳು.
ಚೀಲ ಇಸಿದುಕೊಂಡು
ಅದು ಮುಗಿಯುವ ತನಕ ನಿಂತೆ,
ಎಣಿಸುತ್ತ.